ಇಲಿಯ ಹೆಸರಿನಾಗ ನಮ್ಮ ಮಾತು

ಇವತ್ತಿನ ಎಪಿಸೋಡ್ ಇಲಿಗಳ ಬಗ್ಗೆ. ಹೌದು, ಇಲಿನೇ. ಸ್ಕಿಪ್ ಮಾಡಬ್ಯಾಡ್ರಿ. ಇದರಾಗ ಒಂದು ದ್ವೀಪ ಅದ, ಕಿತ್ತೂರು ಅದ, ನಮ್ಮ ಎರಿಹೊಲಾನೂ ಅದ.

ಮೊದಲು ದ್ವೀಪ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ವಾಂಗುನು ಅಂತ ಒಂದು ಐತಿ. ಅಲ್ಲಿನ ಕಾಡಿನ ಮರಗಳ ಮೇಲೆ ದೊಡ್ಡ ಇಲಿ ಇದೆ, ಹೆಸರು ‘ವಿಕಾ’ ಅಂತ ಊರಿನ ಜನ ಹೇಳ್ತಾನೇ ಇದ್ರು. ಸಂಶೋಧಕರು ವರ್ಷಗಟ್ಟಲೆ ಹುಡುಕಿದರೂ ಸಿಗಲಿಲ್ಲ. 2015ರಲ್ಲಿ ಕಡಿದ ಮರವೊಂದರ ಜೊತೆ ಕೆಳಗೆ ಬಿದ್ದು ಸಿಕ್ಕಿತು. ಮೂಗಿನಿಂದ ಬಾಲದ ತುದಿವರೆಗೆ ಸುಮಾರು 46 ಸೆಂಟಿಮೀಟರ್. 2017ರಲ್ಲಿ ವಿಜ್ಞಾನ ಅದಕ್ಕೆ ‘ಯುರೋಮಿಸ್ ವಿಕಾ’ ಅಂತ ಹೆಸರಿಟ್ಟಿತು. ಅಂದ್ರ, ಊರವರ ಮಾತೇ ಹೆಸರಾತು.

ಇಂಥದ್ದು ನಮ್ಮ ಕಡೆ ಸುಮಾರು 200 ವರ್ಷದ ಹಿಂದೇ ಆಗೇದ.

ಧಾರವಾಡದಲ್ಲಿ ವಾಲ್ಟರ್ ಎಲಿಯಟ್ ಅನ್ನೋ ಕಂಪನಿ ಸರ್ಕಾರದ ಅಧಿಕಾರಿ ಇದ್ದ. 1824ರ ಕಿತ್ತೂರು ಕಾಳಗದಾಗ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕವರಲ್ಲಿ ಇವನೂ ಒಬ್ಬ. ಬಿಡುಗಡೆಯಾದ ಮೇಲೂ ಇದೇ ಸೀಮೆಯಲ್ಲಿ ತಿರುಗಾಡಿ, 1839ರಲ್ಲಿ ಇಲ್ಲಿನ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ನಮ್ಮ ಗದಗ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಲ್ಲೀತನಕ ಧಾರವಾಡದೊಳಗೇ ಇತ್ತು.

ಆ ಪಟ್ಟಿಯೊಳಗ ಪೊದೆಯಲ್ಲಿ ಒಣಹುಲ್ಲಿನ ದುಂಡನೆ ಗೂಡು ಹೆಣೆಯುವ ಒಂದು ಇಲಿ ಬರ್ತದ. ಕನ್ನಡದ ಹೆಸರು ‘ಗುಲಂಡಿ’ ಅಂತ ಬರೆದಾನ. ಇವತ್ತಿಗೂ ಜಗತ್ತಿನ ಪುಸ್ತಕಗಳಲ್ಲಿ ಅದು ‘ಗೊಲುಂಡಾ ಎಲಿಯೊಟಿ’. ಇನ್ನೊಂದು ಹೊಲದ ಇಲಿಯನ್ನ ಕೆರೆ-ಬಾವಿ ತೋಡುತ್ತಿದ್ದ ವಡ್ಡರ ಸಮುದಾಯದವರು ‘ಮೆಟ್ಟಾಡೆ’ ಅಂತಿದ್ರು. ಅದು ಈಗ ‘ಮಿಲ್ಲಾರ್ಡಿಯಾ ಮೆಲ್ಟಾಡಾ’. ದೊಡ್ಡ ಹೆಗ್ಗಣಕ್ಕೆ ಇಂಗ್ಲಿಷ್‌ನವರು ಬ್ಯಾಂಡಿಕೂಟ್ ಅಂತಾರಲ್ಲ, ಅದೂ ತೆಲುಗಿನ ‘ಪಂದಿಕೊಕ್ಕು’, ಅಂದ್ರ ಹಂದಿ-ಇಲಿ.

ಈ ಮೆಟ್ಟಾಡೆ ಬಗ್ಗೆ ಎಲಿಯಟ್ ಬರೆದಿದ್ದು ಎರಿಹೊಲ ಇದ್ದವರು ಕೇಳಲೇಬೇಕು. ಬ್ಯಾಸಿಗ್ಯಾಗ ಎರಿಭೂಮಿ ಬಿರುಕು ಬಿಡ್ತದಲ್ಲ, ಅದರೊಳಗ ಈ ಇಲಿ ಇರ್ತದ. ಮೊದಲ ಮಳೆಗೆ ಬಿರುಕು ಮುಚ್ಚಿದಾಗ ಬಹಳಷ್ಟು ಇಲಿ ಅಲ್ಲೇ ಸಾಯ್ತಾವ. ಆದರೆ 1826ರಲ್ಲಿ ಮುಂಗಾರಿನ ಶುರುವಿಗೆ ಮಳಿ ಕೈಕೊಟ್ಟಿತು. ಇಲಿ ವಿಪರೀತ ಹೆಚ್ಚಿದವು. ಬಿತ್ತಿದ ಬೀಜ ತಿಂದವು. ಆಮೇಲೆ ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು.

ನಾನು ಬಿಕಾಂ ಓದಿದವ, ಲೆಕ್ಕದ ಭಾಷೆಯಾಗ ಹೇಳ್ತೀನಿ. ಬೀಜ ಹೋತು, ಬೆಳಿ ಹೋತು. ರೈತರು ವಡ್ಡರಿಂದ ಇಲಿ ಹಿಡಿಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಕೂಲಿ. ಸಾವಿರಗಟ್ಟಲೆ ಕೊಂದರೂ ಇಲಿ ಕಮ್ಮಿ ಆದಂಗ ಕಾಣಲಿಲ್ಲ. ಕಡೀಗೆ ಕಂದಾಯ ಕಟ್ಟೋಕೂ ಆಗಲಿಲ್ಲ. ಒಂದು ಮಳಿ ತಪ್ಪಿದ್ದಕ್ಕ ನಾಲ್ಕು ನಷ್ಟ.

ಈಗ ಹೆಸರಿನ ಲೆಕ್ಕ ನೋಡ್ರಿ. ‘ಗೊಲುಂಡಾ ಎಲಿಯೊಟಿ’ಯಲ್ಲಿ ಮುಂದ ನಮ್ಮ ಮಾತು, ಹಿಂದ ಅಧಿಕಾರಿ ಹೆಸರು. ಯಾವ ಬಿಲದಾಗ ಯಾವ ಇಲಿ ಅಂತ ಬಲ್ಲವರ ಹೆಸರು ಎಲ್ಲೂ ಇಲ್ಲ. ವಾಂಗುನುವಿನ ಕಥೆ ಇಲ್ಲಿ ಸ್ವಲ್ಪ ಬೇರೆ. ಅಲ್ಲಿನ ಜೈರಾ ಊರಿನವರು ತಮ್ಮ ಕಾಡನ್ನ ಮರ ಕಡಿಯೋರಿಗೆ ಬಿಟ್ಟುಕೊಡಲಿಲ್ಲ. ಅದೇ ಕಾಡಿನಾಗ ಇಟ್ಟ ಕ್ಯಾಮೆರಾದಲ್ಲಿ ಜೀವಂತ ವಿಕಾದ ಫೋಟೋ ಸಿಕ್ಕಿತು. 2023ರಲ್ಲಿ ಪ್ರಕಟವಾದ ಆ ವರದಿಯ ಲೇಖಕರೊಳಗ ಜೈರಾದವರೂ ಇದ್ದಾರ.

ನಮ್ಮಲ್ಲಿ ಆ ಮಾತು ಬಲ್ಲವರಿಗೆ ಈಗ ವಯಸ್ಸಾಗೇದ. ನಾವು ಎಲ್ಲಾದಕ್ಕೂ ‘ಇಲಿ’ ಅಂದು ಮುಗಿಸ್ತೀವಿ, ಪಾಷಾಣ ಇಟ್ಟು ಮಲಗ್ತೀವಿ. ಹೆಸರು ಮರೆತರೆ, ಯಾವುದು ಬೆಳಿ ತಿನ್ನೋದು, ಯಾವುದು ತನ್ನ ಪಾಡಿಗೆ ಕಂಟಿಯೊಳಗ ಇರೋದು ಅನ್ನೋ ಫರಕೂ ಮರೆತಂಗ.

ಅದಕ್ಕ ಒಂದು ಕೆಲಸ ಮಾಡ್ರಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಬೆಟಗೇರಿ, ಎಲ್ಲೇ ಇರ್ರಿ, ಮನ್ಯಾಗಿನ ಅಜ್ಜ-ಅಮ್ಮನ್ನ ಕೇಳ್ರಿ: ಹೊಲದ ಇಲಿಗೆ ಎಷ್ಟು ಹೆಸರು? ಯಾವ ವರ್ಷ ಇಲಿಕಾಟ ಜೋರಿತ್ತು? ಆ ವರ್ಷ ಮಳಿ ಹೆಂಗಿತ್ತು? ಅವರ ದನಿಯೊಳಗೇ ರೆಕಾರ್ಡ್ ಮಾಡಿ ವಾಯ್ಸ್ ನೋಟ್ ಕಳಸ್ರಿ. ಹೇಳಿದವರ ಹೆಸರೂ ಮರೀಬ್ಯಾಡ್ರಿ. ಮುಂದಿನ ಎಪಿಸೋಡ್‌ನಾಗ ಹೆಸರು ಹೇಳಿಯೇ ಕೇಳಸ್ತೀನಿ. ಬರ್ತೀನ್ರೀ.