ಗುಡ್ಡ ಹತ್ತೂದು ಸಸಾರ, ಬಾಯಿ ಬಿಟ್ಟು ಹೇಳೂದೇ ಕಷ್ಟ



ಮಂದ್ರೂಪದ ನಾವು ಒಂದಿಷ್ಟು ಗೆಳೆಯರು ಕಳಸೂಬಾಯಿ ಶಿಖರ ಹತ್ತಲು ಹೊರಟಿದ್ದೇವೆ. ಅದು ಮಹಾರಾಷ್ಟ್ರದಾಗ ಎಲ್ಲಕ್ಕೂ ಎತ್ತರದ ಗುಡ್ಡ, 1,646 ಮೀಟರ್. ಕಡಿದಾದ ಕಡೆ ಕಬ್ಬಿಣದ ನಿಚ್ಚಣಿಕೆ ಅದಾವ. ನಮ್ಮವು ಜ್ವಾಳದ ಹೊಲ ತುಳಿದ ಕಾಲು. “ಇವರಿಗ್ಯಾಕ ಬೇಕಾಗಿತ್ತು ಈ ಉಸಾಬರಿ?” ಅಂತ ಕಟ್ಟಿ ಮ್ಯಾಲ ಮಾತು ನಡದಾವ. ನಡೀಲಿ. ಮಾತಾಡಲಿ ಅಂತನ ಹೊರಟೇವಿ.

2003ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೆಲವು ಗೆಳೆಯರು ನವೆಂಬರ್ ತಿಂಗಳು ಮೀಸೆ ಬಿಟ್ಟರು. ಅದೇ ಮುಂದೆ ಗಂಡಸರ ಕ್ಯಾನ್ಸರ್ ಬಗ್ಗೆ ಮಾತಾಡುವ ‘ಮೊವೆಂಬರ್’ ಆಂದೋಲನವಾಯಿತು. ನಮ್ಮೂರಾಗ ಮೀಸಿಗೇನು ಬರ? ಅದಕ್ಕ ನಾವು ಗುಡ್ಡ ಆರಿಸಿಕೊಂಡೇವಿ.

ನಮ್ಮ ದೇಶದ ಗಂಡಸರಿಗೆ ಹೆಚ್ಚಾಗಿ ಬರುವ ಕ್ಯಾನ್ಸರ್‌ಗಳಲ್ಲಿ ಬಾಯಿ ಕ್ಯಾನ್ಸರ್ ಮುಂದಿದೆ. ತಂಬಾಕು, ಮಾವಾ, ಗುಟಕಾ ಅದರ ದೊಡ್ಡ ಕಾರಣ. ಮಹಾರಾಷ್ಟ್ರದಾಗ 2012ರಿಂದ ಗುಟಕಾ ಬಂದ್ ಅದ, ನಮ್ಮ ಕಿಸೆಯೊಳಗ ಬಂದ್ ಆಗಿಲ್ಲ.

ಇವತ್ತು ರಾತ್ರಿ ಕನ್ನಡಿ ಮುಂದ ನಿಂತು ನೋಡ್ರಿ. ಮೂರು ಬೆರಳು ನಿಲ್ಲಿಸಿದ್ರ ಬಾಯಾಗ ಹಿಡಿಸತಾವೇನು? ಬಿಳಿ ಇಲ್ಲಾ ಕೆಂಪು ಮಚ್ಚಿ ಅದಾವೇನು? ಎರಡು ವಾರ ಆದರೂ ಮಾಯದ ಹುಣ್ಣು ಅದ ಏನು? ಇದ್ದರ ದವಾಖಾನಿಗೆ ಹೋಗ್ರಿ. ಹಿರಿಯರಿಗೆ ಮೂತ್ರ ತಡೆತಡೆದು ಬಂದರೆ, ರಕ್ತ ಕಂಡರೆ, ‘ವಯಸ್ಸಾತು’ ಅಂತ ಸುಮ್ಮನಾಗಬ್ಯಾಡ್ರಿ. ಹರೆಯದ ಹುಡುಗರಿಗೆ ವೃಷಣದಲ್ಲಿ ಗಂಟು ಕೈಗೆ ಸಿಕ್ಕರೆ, ನೋವಿಲ್ಲದಿದ್ದರೂ ತೋರಿಸಬೇಕು.

ಮಾತಾಡಿದರೆ ಏನಾಗತದ ಅಂತೀರಾ? ನಮ್ಮ ಜಿಲ್ಲೆಯ ಬಾರ್ಶಿಯನ್ನೇ ನೋಡಿ. ಅಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ಹಳ್ಳಿಗರ ಕ್ಯಾನ್ಸರ್ ಲೆಕ್ಕ ಬರೆದಿಡುವ ದೇಶದ ಮೊದಲ ನೋಂದಣಿ 1987ರಲ್ಲಿ ಶುರುವಾಗಿದ್ದು ಬಾರ್ಶಿಯಲ್ಲೇ. ಆ ಕಾರ್ಯಕರ್ತರು ಊರೂರು ತಿರುಗಿ ಲಕ್ಷಣ ತಿಳಿಸಿ ಹೇಳಿದರು. ಹೆಣ್ಣುಮಕ್ಕಳು ಕೇಳಿದರು, ಬಂದು ತೋರಿಸಿಕೊಂಡರು. ಗರ್ಭಕೊರಳಿನ ಕ್ಯಾನ್ಸರ್ ಮೊದಲಿಗಿಂತ ಬೇಗ ಪತ್ತೆಯಾಗತೊಡಗಿತು. ಅವರಿಗಿರುವ ಧೈರ್ಯ ನಮಗ್ಯಾಕಿಲ್ಲ?

ಇನ್ನೊಂದು ಮಾತು. ನಮ್ಮ ಮುತ್ಯಾಗೋಳು ನಾಚಿಕಿ ಬಿಟ್ಟು ಇಂಥಾ ಸಂಕಟ ಹೇಳೂದು ಕನ್ನಡದಾಗ. ಗೋಡೆಯ ಹಾಳೆ ಇರೂದು ಮರಾಠಿ, ಇಂಗ್ಲಿಷಿನಾಗ. ಮರಾಠಿ ನಮಗ ಪರಕೀಯ ಅಲ್ಲ, ವ್ಯವಹಾರಕ್ಕ ಸಾಕಾಗತದ. ಆದರೆ ನೋವು ಹೇಳಾಕ ತಾಯಿಭಾಷೆ ಬೇಕು. ಅದಕ್ಕೇ ಈ ಲಕ್ಷಣಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಮನಿಮನಿಗೆ ಮುಟ್ಟಿಸತೇವಿ. ಮುತ್ಯಾನ ಜೋಡಿ ದವಾಖಾನಿಗೆ ಹೋಗಿ, ಅವರ ಮಾತನ್ನು ಡಾಕ್ಟರಿಗೆ ಮರಾಠಿಯಲ್ಲಿ ಹೇಳಲು ನಮ್ಮ ಹುಡುಗರು ತಯಾರಿದ್ದಾರೆ.

ಮಹಾತ್ಮಾ ಜೋತಿರಾವ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕ್ಯಾನ್ಸರ್ ಉಪಚಾರ ಸೇರಿದೆ. ಆದರೆ ಬಾರ್ಶಿಗೆ ಹೋಗಿಬರೂ ಖರ್ಚು, ಜೋಡಿ ಹೋದವರ ಊಟ, ಕೆಡುವ ಕೂಲಿ ಬ್ಯಾರೆ. ನೀವು ಕೊಟ್ಟ ದೇಣಿಗಿ ಅದಕ್ಕೇ ಹೋಗತದ. ರೂಪಾಯಿ ರೂಪಾಯಿ ಲೆಕ್ಕ ಫಲಕದ ಮ್ಯಾಲ ಬರೀತೇವಿ. ಬ್ಯಾಂಕಿನವರು ಅದೇವಿ, ಲೆಕ್ಕ ತಪ್ಪೂದಿಲ್ಲ. ಮುದ್ದತು ಮೀರಿದ ಸಾಲದ ಬಡ್ಡಿ ಎಂಗ ಏರತದ ಗೊತ್ತದಲ್ಲ? ಮುಚ್ಚಿಟ್ಟ ರೋಗವೂ ಹಂಗ.

ತಂಬಾಕು ಬಿಡಬೇಕಂದವರು 1800-11-2356ಕ್ಕೆ ಫೋನ್ ಮಾಡ್ರಿ, ಪುಕಟ ಅದ. ನಾವು ಗುಡ್ಡ ಹತ್ತಿ ಬರೂದ್ರಾಗ ನೀವು ಒಬ್ಬೊಬ್ಬರು ಬಾಯಿ ತೋರಿಸಿಕೊಂಡು ಬಂದಿರಬೇಕು.