ಹೊಳಪು ಕಲ್ಲಿನದೋ, ಕಣ್ಣಿನದೋ?



ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಅಲ್ಲಿನ ಒಂದು ಕಂಬದ ಕೆತ್ತನೆ ಇನ್ನೊಂದರಲ್ಲಿಲ್ಲ ಎಂಬ ಮಾತು ಪ್ರಸಿದ್ಧ. ಇಂಥ ಹಳೆಯ ಕಲ್ಲನ್ನು ಕಂಡರೆ 'ಸ್ವಲ್ಪ ವಾರ್ನಿಷ್ ಬಳಿದರೆ ಫಳಫಳ ಹೊಳೆದೀತು' ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಆ ಸಲಹೆಗೆ ತಲೆಯಾಡಿಸುವ ಮೊದಲು, ಕಣ್ಣು ಹೊಳಪನ್ನು ಹೇಗೆ ಗುರುತಿಸುತ್ತದೆ ಎಂದು ತಿಳಿಯುವುದು ಒಳ್ಳೆಯದು.

ಬಂಟ್ವಾಳದ ಕಡೆಯ ಹಳೆ ಮನೆಗಳ ಕೆಂಪು ಕಾವಿ ನೆಲವನ್ನೇ ತೆಗೆದುಕೊಳ್ಳಿ. ಕಿಟಕಿಯ ಬೆಳಕು ಅದರ ಮೇಲೆ ಬಿಳಿ ಪಟ್ಟೆಯಾಗಿ ಕಾಣುತ್ತದೆ. ಅದು ಚೆಲ್ಲಿದ ಸುಣ್ಣವಲ್ಲವೆಂದು ಯಾರೂ ಹೇಳಿಕೊಡಬೇಕಿಲ್ಲ. ತಲೆಯನ್ನು ಅತ್ತಿತ್ತ ಸರಿಸಿದರೆ ಸುಣ್ಣದ ಕಲೆ ಇದ್ದಲ್ಲೇ ಇರುತ್ತದೆ, ಬೆಳಕಿನ ಪಟ್ಟೆ ಜಾರುತ್ತದೆ. ಎರಡು ಕಣ್ಣುಗಳಿಗೂ ಪಟ್ಟೆ ಕಾಣುವ ಜಾಗ ಬೇರೆ ಬೇರೆ. ಆದ್ದರಿಂದ ಪ್ರತಿಬಿಂಬ ನೆಲದ ಅಡಿಯಲ್ಲಿ ಇದ್ದಂತೆ ತೋರುತ್ತದೆ. ಆಂಡ್ರ್ಯೂ ಬ್ಲೇಕ್ ಮತ್ತು ಹೈನ್ರಿಕ್ ಬುಲ್ತಾಫ್ 1990ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಇದನ್ನೇ. ಉಬ್ಬಿದ ಮೇಲ್ಮೈಯ ಚಿತ್ರದಲ್ಲಿ ಬೆಳಕಿನ ಚುಕ್ಕೆಯನ್ನು ಮೇಲ್ಮೈಗಿಂತ ಹಿಂದೆ ಕಾಣುವಂತೆ ಇಟ್ಟಾಗ ನೋಡುಗರಿಗೆ ಅದು ಹೊಳೆಯುವ ವಸ್ತುವಾಗಿ ಕಂಡಿತು.

ಬಣ್ಣವೂ ಸುಳಿವು ಕೊಡುತ್ತದೆ. ಕೆಂಪು ನೆಲದ ಮೇಲಿನ ಮಿಂಚು ಕಿಟಕಿಯ ಬಿಳುಪನ್ನೇ ಹೊಂದಿರುತ್ತದೆ. ಸಾವಿರ ಕಂಬದ ಬಸದಿಯ ಚಂದ್ರನಾಥನಂಥ ಪಂಚಲೋಹದ ಮೂರ್ತಿಯಲ್ಲಾದರೋ ಮಿಂಚಿಗೂ ಲೋಹದ ಬಣ್ಣ ಬರುತ್ತದೆ. ಮುಟ್ಟದೆಯೇ ಲೋಹವೆಂದು ತಿಳಿಯುವುದಕ್ಕೆ ಇದೂ ಒಂದು ಕಾರಣ.

ಇನ್ನು ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಬನ್ನಿ. ಅಲ್ಲಿನ 35 ಅಡಿಯ ಗೊಮ್ಮಟನನ್ನು 1604ರಲ್ಲಿ ಪ್ರತಿಷ್ಠಾಪಿಸಲಾಯಿತು. 2024ರಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಒಣಗಿದ ಕಲ್ಲಿನ ಸಣ್ಣ ಸಣ್ಣ ತಗ್ಗುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ನೀರು ಸುರಿದಾಗ ಆ ತಗ್ಗುಗಳು ತುಂಬಿ ಮೇಲ್ಮೈ ನುಣುಪಾಗುತ್ತದೆ, ಬೆಳಕು ಒಂದೇ ಕಡೆಗೆ ಪುಟಿಯುತ್ತದೆ. ಕಲ್ಲು ಕಪ್ಪಾಗಿ ಹೊಳೆಯುತ್ತದೆ. ನೀರು ಆರಿದರೆ ಹೊಳಪೂ ಇಲ್ಲ. ಕಲ್ಲು ಬದಲಾಗಿಲ್ಲ, ಬದಲಾದದ್ದು ಮೇಲಿನ ತೆಳು ಪದರ ಮಾತ್ರ.

ವಾರ್ನಿಷ್ ಮಾಡುವುದೂ ಇದನ್ನೇ, ಆದರೆ ಅದು ಆರಿಹೋಗುವುದಿಲ್ಲ. ಕೆತ್ತನೆಯ ಆಳವನ್ನು ಕಣ್ಣು ಓದುವುದು ನವಿರಾದ ನೆರಳುಗಳಿಂದ. ನೋಡುಗ ನಡೆದಂತೆಲ್ಲ ಜಾರುವ ಮಿಂಚು ಆ ನೆರಳುಗಳನ್ನು ನುಂಗುತ್ತದೆ. ಕಲ್ಲಿನೊಳಗಿನ ತೇವ ಹೊರಹೋಗಲು ದಾರಿ ಕೊಡದ ಲೇಪವಾದರೆ ಕ್ರಮೇಣ ಮೇಲ್ಪದರವೇ ಸಿಪ್ಪೆಯೇಳಬಹುದು. ಅಷ್ಟೊಂದು ಮಳೆ ಸುರಿಯುವ ಈ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ.

ಹಳೆಯ ಕಂಬ ಮಂಕಾಗಿ ಕಂಡರೆ ಅದು ಕೊಳೆಯೋ, ಕಲ್ಲಿನ ಸಹಜ ಬಣ್ಣವೋ ಎಂದು ಮೊದಲು ತಜ್ಞರನ್ನು ಕೇಳಬೇಕು. ಬ್ರಷ್ಷು ಹಿಡಿಯುವುದು ಆಮೇಲಿನ ಮಾತು.