ಮನೆಗೊಂದು ಒರೆಗಲ್ಲು

ಬಂಗಾರಕ್ಕೆ ಒರೆಗಲ್ಲುಂಟು, ಕಾಳುಕಡಿಗೆ ಅಳತೆಯ ಸೇರುಂಟು. ಮನೆಯೊಂದು ಪರಿಸರಕ್ಕೆ ಎಷ್ಟು ಹಿತವೆಂಬುದನ್ನು ಅಳೆಯುವ ಮಾನದಂಡ ಮಾತ್ರ ಈಚಿನದು. ಇಂಗ್ಲೆಂಡಿನಲ್ಲಿ ಇಂಥ ಪದ್ಧತಿ 1990ರಲ್ಲಿ ಮೊದಲಾಯಿತು. ನಮ್ಮಲ್ಲಿ 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ಹುಟ್ಟಿತು. ಮುಂದೆ ದೆಹಲಿಯ ಟೆರಿ ಸಂಸ್ಥೆಯೂ ಕೇಂದ್ರ ಸಚಿವಾಲಯವೂ ಕೂಡಿ ‘ಗೃಹ’ ಎಂಬ ಮಾನದಂಡವನ್ನು ರೂಪಿಸಿದವು. ನಿವೇಶನ, ನೀರು, ವಿದ್ಯುತ್ತು, ಸಾಮಗ್ರಿ, ತ್ಯಾಜ್ಯ ಇವುಗಳಿಗೆಲ್ಲ ಅಂಕಗಳು. ಕೂಡಿದ ಅಂಕಗಳಿಗೆ ತಕ್ಕಂತೆ ಒಂದರಿಂದ ಐದು ನಕ್ಷತ್ರ.

ಬೀಳಗಿ ಸೀಮೆಯ ಹಳೆಯ ಮನೆಯನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡೋಣ. ಸನಿಹದ ಕಲ್ಲಿನ ದಪ್ಪ ಗೋಡೆ, ತೊಲೆ ಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ. ವೈಶಾಖದ ಬಿಸಿಲು ಗೋಡೆಯನ್ನು ದಾಟುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಮನೆ ಬಿಚ್ಚಿದರೆ ತೊಲೆ ಇನ್ನೊಂದು ಮನೆಗೆ, ಮಣ್ಣು ಮಣ್ಣಿಗೆ. ಸಾಮಗ್ರಿಯ ಅಂಕಗಳಲ್ಲಿ ಇದು ಸೋಲದು. ಆದರೆ ಹೊಗೆ, ಕತ್ತಲೆ, ಸೋರುವ ಮಾಳಿಗೆ ಇವುಗಳಿಗಾಗಿ ಅಂಕ ಕಳೆಯಲೇಬೇಕು. ಹಳೆಯದೆಲ್ಲ ಹೊನ್ನೆಂಬ ಭ್ರಮೆಯನ್ನು ಒರೆಗಲ್ಲು ಸಹಿಸದು. ಅದೇ ಅದರ ಹಿರಿಮೆ.

ಈ ಮಾತು ನಮ್ಮವರಿಗೆ ಬರಿಯ ಕುತೂಹಲದ್ದಲ್ಲ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ಅನೇಕ ಊರುಗಳು ಸಂದುಹೋದವು. ಜನ ಪುನರ್ವಸತಿ ಕೇಂದ್ರಗಳಲ್ಲಿ ಹೊಸದಾಗಿ ಮನೆ ಹೂಡಿದರು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿತು. ಅದು ನೆರವೇರಿದ ದಿನ ಇನ್ನಷ್ಟು ಊರುಗಳು ಜಾಗ ಬಿಟ್ಟೇಳಬೇಕು. ಆಗ ತೆಳುಗೋಡೆಗಳ ಮೇಲೆ ನೆರಳಿಲ್ಲದ ಕಾಂಕ್ರೀಟು ಚಾವಣಿ ಹೊದಿಸಿದರೆ, ಹಗಲುಂಡ ಬಿಸಿಲನ್ನು ಅದು ರಾತ್ರಿ ಮನೆಯೊಳಗೆ ಸುರಿಯುತ್ತದೆ.

ಪ್ರಮಾಣಪತ್ರ ದೊರೆಯುವುದು ಅರ್ಜಿ ಹಾಕಿ ಶುಲ್ಕ ತೆತ್ತವರಿಗೆ. ನೀರಿಗೆ ಊರನ್ನೇ ಒಪ್ಪಿಸಿದವನು ನಕ್ಷತ್ರಕ್ಕಾಗಿ ಕಾಯಲಾರ. ಆದರೆ ಅದರ ಹಿಂದಿನ ಅಳತೆ ಅವನಿಗೂ ಸಲ್ಲಬೇಕು. ದಾರಿಗಳು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಯನ್ನು ಬಳಕೆಗೆ ತಂದಿತು. ನಮ್ಮ ಎರೆಮಣ್ಣು ಅದಕ್ಕೆ ನೇರವಾಗಿ ಒಗ್ಗದು. ಮರಳಿನಂಶವುಳ್ಳ ಕೆಮ್ಮಣ್ಣು ಬೇಕು. ಎದುರುಬದುರು ಕಿಟಕಿ, ಚಾವಣಿಗೆ ನೆರಳು, ಮಳೆನೀರಿನ ತೊಟ್ಟಿ, ಬಿಸಿಲಿನ ದಿಕ್ಕನ್ನರಿತ ಮನೆಸಾಲು ಇವನ್ನೆಲ್ಲ ಬಡಾವಣೆಯ ಮೊದಲ ನಕ್ಷೆಯಲ್ಲೇ ಬರೆಯಬಹುದು. ಗೋಡೆ ಎದ್ದ ಮೇಲೆ ದಿಕ್ಕು ಬದಲಿಸಲಾಗದು. ಆದುದರಿಂದ ಒರೆಗಲ್ಲು ಹಿಡಿಯಬೇಕಾದುದು ನಕ್ಷೆಯ ಕಾಲದಲ್ಲಿ. ಒರೆಗೆ ನಿಂತಿತೋ ಇಲ್ಲವೋ ಎಂಬುದನ್ನು ಬೇಸಗೆಯ ರಾತ್ರಿ ಒಳಗೆ ಮಲಗಿದವರು ಹೇಳುತ್ತಾರೆ.